ಓಟದಲ್ಲಿ ಹಿಂದುಳಿದವರಿಗೂ ಮೈದಾನ ಬೇಕು

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ದೈಹಿಕ ಶಿಕ್ಷಣದ ಪಿರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು ಎನ್ನುತ್ತಾಳೆ. ಓಟದಲ್ಲಿ ಯಾವಾಗಲೂ ಕೊನೆ. ತಂಡ ಆರಿಸುವಾಗ ಯಾರಿಗೂ ಬೇಡವಾಗಿ ಉಳಿಯುವವಳೂ ಅವಳೇ. ವೈದ್ಯರಿಂದ ಚೀಟಿ ಬರೆಸಿ ವಿನಾಯಿತಿ ಕೇಳೋಣವೆಂದಿದ್ದೇನೆ. ಆರೋಗ್ಯ ಪಾಠವನ್ನು ಮನೆಯಲ್ಲೇ ಓದಿಕೊಂಡರೆ ಸಾಲದೇ? – ಒಬ್ಬ ತಾಯಿ

ಉತ್ತರ: ಮೊದಲು ಹೊಟ್ಟೆನೋವಿನ ವಿಚಾರ. ಅದು ನೆಪವೆಂದು ತೀರ್ಮಾನಿಸಬೇಡಿ. ಅಂಜಿಕೆಯಿಂದ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಮುಟ್ಟಿನ ನೋವೂ ಇರಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರಲ್ಲಿ ಕಬ್ಬಿಣಾಂಶ ಕಡಿಮೆಯಾಗುವುದು ತೀರಾ ಸಾಮಾನ್ಯ. ಹಿಮೋಗ್ಲೋಬಿನ್ ಇಳಿದಿದ್ದರೆ ಎಂಥ ಹುರುಪಿನ ಮಗುವಾದರೂ ಅರ್ಧ ಸುತ್ತಿಗೇ ಏದುಸಿರು ಬಿಡುತ್ತದೆ. ಆದ್ದರಿಂದ ವೈದ್ಯರ ಬಳಿಗೆ ಖಂಡಿತ ಹೋಗಿ, ರಕ್ತಪರೀಕ್ಷೆ ಮಾಡಿಸಿ. ಆದರೆ ವಿನಾಯಿತಿ ಚೀಟಿಗಾಗಿ ಹೋಗಬೇಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಕೆಲಸವೂ ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದವರ ಪೈಕಿ ಶೇ 81ರಷ್ಟು ಮಂದಿ ಅಷ್ಟು ಚಟುವಟಿಕೆಯಿಂದಿಲ್ಲ. ಹುಡುಗಿಯರಲ್ಲಿ ಇದು ಶೇ 85. ಮೂಳೆ ಗಟ್ಟಿಯಾಗುವ ಕಾಲವೂ ಇದೇ. ನಲವತ್ತರ ನಂತರ ಕರಗತೊಡಗುವ ಮೂಳೆಯ ಗಂಟನ್ನು ಕೂಡಿಡುವುದು ಹದಿಹರೆಯದಲ್ಲಿ, ಓಟ, ಜಿಗಿತ, ಹಗ್ಗದಾಟಗಳಿಂದ. ಓದಿನಲ್ಲಿ ಮುಂದಿರುವ ಮಗುವಿಗೂ ಇದರಿಂದ ರಿಯಾಯಿತಿಯಿಲ್ಲ.

ಹಾಗೆಂದು ನಿಮ್ಮ ಮಗಳದ್ದೇ ತಪ್ಪು ಎನ್ನಲಾರೆ. ತಪ್ಪಿರುವುದು ಆ ಪಿರಿಯಡ್ ನಡೆಯುವ ರೀತಿಯಲ್ಲಿ. ಒಂದೇ ವಯಸ್ಸಿನ ಇಬ್ಬರು ಮಕ್ಕಳ ದೇಹದ ಬೆಳವಣಿಗೆಯಲ್ಲಿ ಎರಡು ಮೂರು ವರ್ಷಗಳ ಅಂತರವಿರಬಹುದು. ಅವರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದಿದರೆ ತಿಳಿಯುವುದು ಯಾರು ಬೇಗ ಬೆಳೆದಿದ್ದಾರೆ ಎಂಬುದಷ್ಟೇ.

ನಾನು ಮೈದಾನದಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗಿ ಪ್ರತಿ ಸಲವೂ ಓಟದ ಗೆರೆಗೆ ಬಂದವಳೇ ಕುಳಿತು, ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟತೊಡಗುತ್ತಿದ್ದಳು. ಗುಂಪು ಹೊರಟ ಮೇಲೆ ಎದ್ದು ಓಡುತ್ತಿದ್ದಳು. ಕೊನೆಯವಳಾದದ್ದಕ್ಕೆ ಲೇಸ್ ಕಾರಣವಾಗಲಿ ಎಂಬುದು ಅವಳ ಆಸೆ. ಅದು ನನಗೆ ಹೊಳೆಯುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಆ ನೋವು ಈಗಲೂ ಇದೆ. ಅಂದಿನಿಂದ ಸಮಯವನ್ನು ಕೂಗಿ ಹೇಳುವುದನ್ನು ಬಿಟ್ಟೆ. ಪ್ರತಿಯೊಬ್ಬರಿಗೂ ಒಂದು ಪುಟ್ಟ ಪುಸ್ತಕ. ಕಳೆದ ವಾರ ತಾನು ಎಷ್ಟು ಓಡಿದೆ, ಈ ವಾರ ಎಷ್ಟು, ಇಷ್ಟೇ ಅದರಲ್ಲಿ. ಅವಳು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದರಿಂದ ಶುರು ಮಾಡಿದಳು. ಲೇಸ್ ಕಟ್ಟುವುದು ಯಾವಾಗ ನಿಂತಿತೋ ನಾನು ಗಮನಿಸಲೇ ಇಲ್ಲ.

ನೀವು ದೈಹಿಕ ಶಿಕ್ಷಕರನ್ನು ಭೇಟಿಯಾಗಿ, ದೂರುವ ದನಿಯಲ್ಲಲ್ಲ, ಸಹಾಯ ಕೇಳುವ ದನಿಯಲ್ಲಿ ಮಾತಾಡಿ. ಮಕ್ಕಳಿಂದ ತಂಡ ಆರಿಸುವ ಬದಲು ಒಂದು, ಎರಡು ಎಂದು ಎಣಿಸಿ ಗುಂಪು ಮಾಡಲು ಸಾಧ್ಯವೇ? ಅಂಕ ಕೊಡುವಾಗ ಅವಳ ಹಿಂದಿನ ಸಾಧನೆಯೊಂದಿಗೆ ಹೋಲಿಸಬಹುದೇ? ಇವೆರಡನ್ನು ಕೇಳಿ. ಬಹುತೇಕ ಶಿಕ್ಷಕರು ಒಪ್ಪುತ್ತಾರೆ, ಇದಕ್ಕೆ ಖರ್ಚೇನೂ ಇಲ್ಲವಲ್ಲ. ಸಂಜೆ ನೀವೂ ಅವಳ ಜೊತೆ ಚುರುಕಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಮುಟ್ಟಿನ ದಿನಗಳಲ್ಲಿ ಚಟುವಟಿಕೆಯಿಂದ ಕೆಡುಕಿಲ್ಲ, ಹಲವರಿಗೆ ನೋವು ತಗ್ಗುತ್ತದೆ. ಅವಳಿಗೆ ಆಗದಿದ್ದರೆ ಆ ದಿನ ಹಗುರವಾದ ವ್ಯಾಯಾಮ ಮಾಡಲಿ.

ಇನ್ನು ಆರೋಗ್ಯ ಪಾಠ. ಪುಸ್ತಕದಲ್ಲಿ ಇರುವುದನ್ನು ಮನೆಯಲ್ಲಿ ಓದಬಹುದು ನಿಜ. ಆದರೆ ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಾದರೆ ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು ಎಂದು ಓದಿದವರ ಕೈಗೆ ಆ ಒತ್ತಡದ ಅಂದಾಜು ಬರುವುದಿಲ್ಲ. ಅದು ಬೊಂಬೆಯ ಮೇಲೆ ಒತ್ತಿ ಒತ್ತಿ ಬರಬೇಕು. ಮುಟ್ಟು, ಮೊಡವೆ, ಖಿನ್ನತೆ, ಧೂಮಪಾನಕ್ಕೆ ಗೆಳೆಯರ ಒತ್ತಾಯ, ಇವನ್ನೆಲ್ಲ ಹೆಸರಿಟ್ಟು ಮಾತಾಡುವುದನ್ನು ಮಕ್ಕಳು ಒಟ್ಟಿಗೆ ಕುಳಿತೇ ಕಲಿಯಬೇಕು. ಮೊದಲ ದಿನ ಮುಸಿಮುಸಿ ನಗುವ ಹುಡುಗರು ಮೂರನೇ ಪಾಠದ ಹೊತ್ತಿಗೆ ಪ್ರಶ್ನೆ ಕೇಳುವುದನ್ನು ಕಂಡಿದ್ದೇನೆ.

ಪ್ರಶ್ನೆ: ನನಗೆ 14 ವರ್ಷ. ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎನ್ನುತ್ತಾರೆ, ನಿಜವೇ? ಓಡಿದಾಗ ಮಂಡಿಚಿಪ್ಪಿನ ಕೆಳಗೆ ಉಬ್ಬಿದ ಜಾಗದಲ್ಲಿ ನೋವು. – ವಿದ್ಯಾರ್ಥಿ

ಉತ್ತರ: ನಿಜವಲ್ಲ. ಬಲ್ಲವರ ಎದುರಿನಲ್ಲಿ, ಸರಿಯಾದ ಭಂಗಿಯಲ್ಲಿ, ಹಗುರ ತೂಕದಿಂದ ಮೊದಲು ಮಾಡಿದರೆ ಎತ್ತರಕ್ಕೆ ಕುಂದಿಲ್ಲ. ಅಪಾಯವಿರುವುದು ಪಂತ ಕಟ್ಟಿ ಶಕ್ತಿ ಮೀರಿದ ತೂಕ ಎತ್ತುವುದರಲ್ಲಿ. ಸದ್ಯಕ್ಕೆ ನಿನ್ನ ದೇಹದ ತೂಕವೇ ಸಾಕು: ದಂಡ, ಬಸ್ಕಿ.

ಮಂಡಿಯ ನೋವು ಬೆಳೆಯುವ ವಯಸ್ಸಿನಲ್ಲಿ ಓಡಿ ಜಿಗಿಯುವ ಹಲವರಿಗೆ ಬರುತ್ತದೆ. ಇದಕ್ಕೆ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. ತೊಡೆಯ ಸ್ನಾಯು ಮಂಡಿಚಿಪ್ಪಿನ ಕೆಳಗಿನ, ಇನ್ನೂ ಬಲಿಯದ ಮೂಳೆಯನ್ನು ಪದೇ ಪದೇ ಜಗ್ಗುವುದರಿಂದ ಅಲ್ಲಿ ನೋವು, ಊತ ಕಾಣಿಸಿಕೊಳ್ಳುತ್ತದೆ. ಬೆಳವಣಿಗೆ ಮುಗಿದಂತೆ ಸಾಮಾನ್ಯವಾಗಿ ತಾನಾಗಿಯೇ ಶಮನವಾಗುತ್ತದೆ. ಅಲ್ಲಿಯವರೆಗೆ ಜಿಗಿತ ಕಡಿಮೆ ಮಾಡು, ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡು, ತೊಡೆಯ ಸ್ನಾಯುವನ್ನು ನಿಧಾನವಾಗಿ ಎಳೆದು ಸಡಿಲಿಸು. ಕುಂಟುವಷ್ಟು ನೋವಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜ್ವರವೂ ಜೊತೆಗಿದ್ದರೆ ಕಾಯಬೇಡ. ಆ ದಿನವೇ ಮನೆಯವರಿಗೆ ಹೇಳಿ ವೈದ್ಯರಿಗೆ ತೋರಿಸು.