ಒಂಬತ್ತು ಸಾವಿರದ ಪುಟ್ಟ ಪೆಟ್ಟಿಗೆ: ಹಳೇ ಮಿನಿ ಪಿಸಿ ಕೊಳ್ಳಬಹುದಾ?

ಪ್ರಶ್ನೆ: ಅಂಕೋಲೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ನುಡಿಯಲ್ಲಿ ಕರಾರುಪತ್ರ ಟೈಪ್ ಮಾಡುವುದು ದಿನದ ಕೆಲಸ. ದೊಡ್ಡ ಸಿಪಿಯು ಈ ಮಳೆಗಾಲದಲ್ಲಿ ಕೈಕೊಟ್ಟಿತು. ಹುಬ್ಬಳ್ಳಿಯ ಡೀಲರ್ ಒಬ್ಬರು ಕಂಪನಿಯಲ್ಲಿ ಬಳಸಿದ ಮಿನಿ ಪಿಸಿ ತೋರಿಸಿದ್ದಾರೆ. ದಪ್ಪ ಪುಸ್ತಕದಷ್ಟೇ ಇದೆ. ‘ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹಾಕಿ ಕೊಡ್ತೇನೆ, 9,000 ರೂಪಾಯಿ’ ಅನ್ನುತ್ತಾರೆ. ಚೀಟಿಯಲ್ಲಿ ಐ5-6500ಟಿ ಅಂತ ಬರೆದುಕೊಟ್ಟಿದ್ದಾರೆ. ತಗೊಳ್ಳಬಹುದಾ? ಹಳೇ ಮಾಲು ನಮ್ಮ ಉಪ್ಪುಗಾಳಿಗೆ ತಾಳುತ್ತದಾ?

ಉತ್ತರ: ಆ ಬೆಲೆಗೆ ಆ ಪೆಟ್ಟಿಗೆ ಬೇಡ. ಅದೇ ಜಾತಿಯ, ಎರಡು ಜನರೇಶನ್ ಈಚಿನ ಪೆಟ್ಟಿಗೆ ಸಿಕ್ಕರೆ, ಮೂರ್ನಾಲ್ಕು ಸಾವಿರ ಜಾಸ್ತಿಯಾದರೂ ಕಣ್ಣುಮುಚ್ಚಿ ತಗೊಳ್ಳಿ. ಕಣ್ಣುಮುಚ್ಚಿ ಅಂದೆ, ಆದರೆ ಮುಚ್ಚಳ ಬಿಚ್ಚಿ. ಅದಕ್ಕೆ ಆಮೇಲೆ ಬರುತ್ತೇನೆ.

ಐ5 ಅನ್ನುವುದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಿಗೆ, ಅಂದರೆ ಕಂಪ್ಯೂಟರಿನ ಮಿದುಳಿಗೆ, ಮನೆತನದ ಹೆಸರಿದ್ದ ಹಾಗೆ. ಅಜ್ಜನಿಗೂ ಅದೇ, ಮೊಮ್ಮಗನಿಗೂ ಅದೇ. ಯಾರು ಎಷ್ಟನೇ ತಲೆ ಅನ್ನುವುದು ಅದರ ಮುಂದಿನ ಅಂಕಿಯಲ್ಲಿದೆ. 6500ಟಿ ಅಂದರೆ 6ನೇ ಜನರೇಶನ್, 2015ರ ತಳಿ. 8500ಟಿ ಅಂದರೆ 8ನೆಯದು, 2018ರದ್ದು. ಐದು ಅಂಕಿ ಇದ್ದರೆ ಮೊದಲಿನ ಎರಡು ನೋಡಬೇಕು: 10500ಟಿ ಅಂದರೆ 10ನೆಯದು. ಕೊನೆಯ ‘ಟಿ’ ಅಂದರೆ ಕಡಿಮೆ ಕರೆಂಟು ತಿನ್ನುವ, 35 ವ್ಯಾಟ್‌ನ ಪ್ರೊಸೆಸರ್. ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಇದನ್ನೆಲ್ಲ ಪೂರ್ತಿ ಹೇಳುವುದಿಲ್ಲ. ಡೀಲರ್ ಪುಣ್ಯಾತ್ಮರು ಚೀಟಿಯಲ್ಲಿ ಪೂರ್ತಿ ಬರೆದುಕೊಟ್ಟಿದ್ದಾರೆ. ಎಷ್ಟೋ ಜನ ಅಷ್ಟೂ ಮಾಡುವುದಿಲ್ಲ.

ನಿಮ್ಮ ಕೆಲಸಕ್ಕೆ 6500ಟಿಯ ವೇಗ ಸಾಕು. ನಾಲ್ಕು ಕೋರ್ ಇದೆ, ಅಂದರೆ ಒಟ್ಟೊಟ್ಟಿಗೆ ದುಡಿಯುವ ನಾಲ್ಕು ಘಟಕ. ಪಹಣಿ ಪ್ರಿಂಟ್ ತೆಗೆಯಲು, ನಾಲ್ಕು ಟ್ಯಾಬ್ ತೆರೆದಿಟ್ಟು ಅರ್ಜಿ ತುಂಬಲು ಅದು ಸುಸ್ತಾಗುವುದಿಲ್ಲ. ತೊಡಕು ಇರುವುದು ವಿಂಡೋಸ್‌ನಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಿತು. ಹೆಸರು ನೋಂದಾಯಿಸಿದವರಿಗೆ ಒಂದು ವರ್ಷದ ವಾಯಿದೆ ಕೊಟ್ಟರು, ಅದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಶನ್‌ನಿಂದ ಈಚೆಗಿನದೇ ಆಗಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇರಬೇಕು.

‘ಹಾಗಾದರೆ ಡೀಲರ್ ಹೇಗೆ ಹಾಕಿ ಕೊಡ್ತಾರೆ?’ ಅಂತ ಕೇಳುತ್ತೀರಿ, ಅಲ್ವಾ? ಹಾಕಬಹುದು. ಯಂತ್ರ ತಕ್ಕದ್ದಾ ಅಂತ ವಿಂಡೋಸ್ 11 ಹಾಕುವಾಗ ನಡೆಯುವ ತಪಾಸಣೆಯನ್ನು ದಾಟಿಸುವ ಪೆನ್‌ಡ್ರೈವ್ ಮಾಡಿಕೊಳ್ಳುವುದು ಹತ್ತು ನಿಮಿಷದ ಕೆಲಸ. ನಾನೂ ಮಾಡಿದ್ದೇನೆ. ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಮತ್ತೆ ಕೈಯಾರೆ ದಾಟಿಸಿ ಹಾಕಬೇಕು. ಮನೆಯಲ್ಲಿ ಸಿನಿಮಾ ನೋಡುವ ಪೆಟ್ಟಿಗೆಗೆ ನಾನು ‘ಇರಲಿ ಬಿಡಿ’ ಅನ್ನುತ್ತಿದ್ದೆ. ನಿಮ್ಮದು ಅಂಗಡಿ. ದಿನಕ್ಕೆ ಇಪ್ಪತ್ತು ಜನರ ಆಧಾರ್, ಪಾಸ್‌ಬುಕ್, ಒಟಿಪಿ ಆ ಯಂತ್ರದಲ್ಲಿ ಹಾದು ಹೋಗುತ್ತದೆ. ಅದಕ್ಕೆ ಕಳ್ಳಬಾಗಿಲಿನಿಂದ ಬಂದ ವಿಂಡೋಸ್ ಬೇಡ.

ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ ಅನ್ನಬಹುದಿತ್ತು. ನನಗೆ ಇಷ್ಟವೂ ಹೌದು. ಆದರೆ ನುಡಿ ತಂತ್ರಾಂಶ ಅದರಲ್ಲಿ ನೇರವಾಗಿ ಓಡುವುದಿಲ್ಲ. ಬೆರಳ ಗುರುತು ಹಿಡಿಯುವ ಸ್ಕ್ಯಾನರಿಗೂ ಸಾಮಾನ್ಯವಾಗಿ ವಿಂಡೋಸ್‌ನ ಡ್ರೈವರ್ ತಂತ್ರಾಂಶ ಬೇಕು. ಹತ್ತು ವರ್ಷದ ಕರಾರುಪತ್ರಗಳು ಹಳೇ ನುಡಿ ಅಕ್ಷರದಲ್ಲಿದ್ದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಪರದೆ ತುಂಬ ಇಂಗ್ಲಿಷ್ ಕಸ ಕಾಣುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಆ ಪಜೀತಿ ಯಾಕೆ?

ಆದ್ದರಿಂದ ಡೀಲರ್ ಹತ್ತಿರ 8ನೇ ಜನರೇಶನ್ ಕೇಳಿ. 8500ಟಿಯಲ್ಲಿ ಆರು ಕೋರ್ ಇದೆ. ಬೆಲೆ ಹೆಚ್ಚಾಯಿತು ಅನ್ನಿಸಿದರೆ ಐ3-8100ಟಿ ನೋಡಿ. ಐ3 ಅಂತ ಮೂಗು ಮುರಿಯಬೇಡಿ. ಅದರಲ್ಲೂ ನಾಲ್ಕು ಕೋರ್ ಇದೆ, ನಿಮಗೆ ತೋರಿಸಿದ ಹಳೇ ಐ5ಕ್ಕೆ ಅದು ಸೋಲುವುದಿಲ್ಲ. ವಿಂಡೋಸ್ 11 ಮುಂಬಾಗಿಲಿನಿಂದಲೇ ಬರುತ್ತದೆ. ಇನ್ನೊಂದು ಮಾತು: ‘ಈಗ 4 ಜಿಬಿ ಇರಲಿ, ಆಮೇಲೆ ರ‍್ಯಾಮ್ ಹಾಕಿದರಾಯ್ತು’ ಎಂದು ನಾನೇ ಮೊದಲೆಲ್ಲ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ. 8 ಜಿಬಿ ಇರುವುದನ್ನೇ ಕೊಳ್ಳಿ. ಅದು ಒಂದೇ ಪಟ್ಟಿಯಾಗಿದ್ದು ಪಕ್ಕದ ಜಾಗ ಖಾಲಿ ಇದ್ದರೆ ಇನ್ನೂ ಒಳ್ಳೆಯದು. ಇವಕ್ಕೆ ಹಾಕುವುದು ಲ್ಯಾಪ್‌ಟಾಪ್‌ನ ಸಣ್ಣ ರ‍್ಯಾಮ್. ನಿಮ್ಮ ಹಳೇ ಸಿಪಿಯುದು ಕೂರುವುದಿಲ್ಲ.

ಈಗ ಉಪ್ಪುಗಾಳಿ. ಇದಕ್ಕೆ ಹೊಸತು ಹಳೇದು ಅನ್ನುವ ಭೇದವಿಲ್ಲ. ಆ ಪೆಟ್ಟಿಗೆ ಇಷ್ಟು ವರ್ಷ ಎಲ್ಲಿತ್ತು ಅನ್ನುವುದೇ ಮುಖ್ಯ. ಬೆಂಗಳೂರಿನ ಎಸಿ ಆಫೀಸಿನಲ್ಲಿ ಎಂಟು ವರ್ಷ ಇದ್ದದ್ದು, ಕಡಲ ಬದಿಯಲ್ಲಿ ಮೂರು ಮಳೆಗಾಲ ಕಂಡದ್ದಕ್ಕಿಂತ ಎಷ್ಟೋ ಮೇಲು. ಆದ್ದರಿಂದಲೇ ಘಟ್ಟದ ಮೇಲಿನಿಂದ ಅರಬೈಲ್ ಇಳಿದು ಬರುವ ಮಾಲಿನ ಮೇಲೆ ನನಗೆ ನಂಬಿಕೆ ಹೆಚ್ಚು. ಆದರೂ ನೋಡದೆ ತರಬೇಡಿ.

ಹಿಂಬದಿಗೆ ಹೆಚ್ಚಿನವುಗಳಲ್ಲಿ ಒಂದೇ ಸ್ಕ್ರೂ ಇರುತ್ತದೆ. ಬಿಚ್ಚಿ ಮುಚ್ಚಳ ಜಾರಿಸಿ, ಮೊದಲು ಮೂಸಿ. ನಗಬೇಡಿ, ನಾನು ಮೊದಲು ಮಾಡುವುದೇ ಅದು. ಬಿಸಿ ಧೂಳಿನ ವಾಸನೆ ಬಂದರೆ ಚಿಂತೆಯಿಲ್ಲ. ಮುಗ್ಗಲು ವಾಸನೆ ಬಂದರೆ ಮುಚ್ಚಿ ವಾಪಸು ಕೊಡಿ. ಆಮೇಲೆ ಟಾರ್ಚ್ ಬಿಟ್ಟು ಯುಎಸ್‌ಬಿ ತೂತುಗಳ ಒಳಗೆ ನೋಡಿ. ತಗಡು ಬೆಳ್ಳಗೆ ಹೊಳೆಯಬೇಕು, ಕಂದು ಚುಕ್ಕೆ ಇರಬಾರದು. ಫ್ಯಾನಿನ ಪಕ್ಕ ತಾಮ್ರದ ಭಾಗ ಕಾಣುತ್ತದಲ್ಲ, ಅದು ಮಾಸಿದ್ದರೆ ಸಹಜ. ದೇವರ ಮನೆಯ ತಂಬಿಗೆಗೆ ಬರುವ ಹಾಗೆ ಹಸಿರು ಕಿಲುಬು ಕಟ್ಟಿದ್ದರೆ ಅದು ನಮ್ಮೂರ ಕಡೆಯೇ ಇದ್ದ ಮಾಲು, ಯಾರು ಏನೇ ಹೇಳಲಿ. ಒಮ್ಮೆ ಹೀಗೆ ತೆರೆದ ಪೆಟ್ಟಿಗೆಯೊಂದರಲ್ಲಿ ಫ್ಯಾನಿನ ಹಿಂದೆ ಒಣಗಿದ ಹಲ್ಲಿ ಸಿಕ್ಕಿತ್ತು. ಅದು ಪಾಪ ಬೆಚ್ಚಗಿರಲಿ ಅಂತ ಹೊಕ್ಕಿದ್ದಿರಬೇಕು.

ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ತೋರಿಸುತ್ತದೆ. ದಿನಕ್ಕೆ ಒಂಬತ್ತು ಗಂಟೆ, ವರ್ಷಕ್ಕೆ 250 ದಿನ ಅಂದರೂ ಎಂಟು ವರ್ಷಕ್ಕೆ 18,000 ಗಂಟೆ. ಅಷ್ಟಿದ್ದರೆ ಗಾಬರಿ ಬೇಡ. 60,000 ತೋರಿಸಿದರೆ ಅದು ಹಗಲೂ ರಾತ್ರಿ ದುಡಿದದ್ದು. ಹಾಗೆಯೇ ಆನ್ ಮಾಡುವಾಗ ಬಯೋಸ್ ಒಳಗೆ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್ ಪರದೆಗೆ, ಹೋಗಿ ನೋಡಿ. ಡೆಲ್‌ನಲ್ಲಿ ಎಫ್2, ಲೆನೊವೊದಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10 ಒತ್ತಬೇಕು. ಪಾಸ್‌ವರ್ಡ್ ಕೇಳಿತೋ, ಹಳೇ ಕಂಪನಿಯ ಬೀಗ ಇನ್ನೂ ಬಿದ್ದಿದೆ ಅಂತ ಅರ್ಥ. ಡೀಲರೇ ತೆಗೆಸಿಕೊಡಲಿ. ಮಾನಿಟರ್ ಜೋಡಿಸಲು ಎಚ್‌ಡಿಎಂಐ ಇಲ್ಲದೆ ಬರೀ ಡಿಸ್‌ಪ್ಲೇ ಪೋರ್ಟ್ ಇರಬಹುದು, ವೈಫೈ ಕಾರ್ಡ್ ಇಲ್ಲದೆ ಇರಬಹುದು. ಕೇಳಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಅಡಾಪ್ಟರಿನಲ್ಲಿ. ಈ ಮಿನಿಗಳಿಗೆ ಲ್ಯಾಪ್‌ಟಾಪ್‌ನ ಹಾಗೆ ಹೊರಗೆ ಅಡಾಪ್ಟರ್ ಇರುತ್ತದೆ, ಸಾಮಾನ್ಯವಾಗಿ 65 ವ್ಯಾಟ್. ಕುಮಟೆಯ ಒಬ್ಬ ಅಂಗಡಿಯವರು ‘ಮಾರಾಯ್ರೆ, ಹೊಸ ವಿಂಡೋಸ್ ಹಾಕಿದ್ರೂ ಎಮ್ಮೆ ಹಂಗೆ ನಡೀತದೆ’ ಅಂತ ಯಂತ್ರ ತಂದಿದ್ದರು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ವೇಗ 0.79 ಗಿಗಾಹರ್ಟ್ಸ್‌ನಲ್ಲಿ ನಿಂತಿತ್ತು, ಏನು ಮಾಡಿದರೂ ಮೇಲೇಳುತ್ತಿರಲಿಲ್ಲ. ಕಾರಣ ಇಷ್ಟೇ. ಅಸಲಿ ಅಡಾಪ್ಟರಿನ ಪಿನ್ನಿನ ನಡುವೆ ಒಂದು ಸೂಜಿ ಇರುತ್ತದೆ, ‘ನಾನು ಇಷ್ಟು ವ್ಯಾಟ್‌ನವ’ ಅಂತ ಅದು ಯಂತ್ರಕ್ಕೆ ಹೇಳುತ್ತದೆ. ಇವರದ್ದು ನಕಲಿ, ಅದು ಮೂಗ. ಗುರುತು ಸಿಗದ ಯಂತ್ರ ಹೆದರಿ ವೇಗ ಇಳಿಸಿಕೊಂಡಿತ್ತು. ಅಸಲಿ ಹಾಕಿದ ಕೂಡಲೇ 3ರ ಹತ್ತಿರ ಹೋಯಿತು. ನೀವು ಕೊಳ್ಳುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು, ಏನಾದರೂ ವಿಡಿಯೋ ಹಚ್ಚಿ, ವೇಗ ಏರುತ್ತದಾ ನೋಡಿ.

ಕರೆಂಟಿನ ವಿಷಯದಲ್ಲಿ ಮಿನಿ ಪಿಸಿ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು. ಸಾಮಾನ್ಯ 600 ವಿಎ ಯುಪಿಎಸ್‌ನ ಬ್ಯಾಟರಿ 12 ವೋಲ್ಟ್, 7 ಆಂಪಿಯರ್-ಅವರ್, ಅಂದರೆ 84 ವ್ಯಾಟ್-ಅವರ್. ಅರ್ಧ ಪೋಲಾಯಿತು ಅಂದುಕೊಂಡರೂ, ಮಿನಿ ಮತ್ತು ಎಲ್‌ಇಡಿ ಮಾನಿಟರ್ ಸೇರಿ 40 ವ್ಯಾಟ್ ಎಳೆದರೆ ಒಂದು ತಾಸಿನ ಹತ್ತಿರ ಬರುತ್ತದೆ. ಬ್ಯಾಟರಿ ಹಳೇದಾದರೆ ಅರ್ಧ ತಾಸು. ಅಷ್ಟರಲ್ಲಿ ತುಂಬುತ್ತಿದ್ದ ಅರ್ಜಿ ಮುಗಿಯುತ್ತದೆ. ಆದರೆ ಸಿಡಿಲಿಗೆ ಯುಪಿಎಸ್ ಮದ್ದಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಇಂಟರ್ನೆಟ್ ವೈರನ್ನೂ ಕಿತ್ತಿಡಿ. ಎರಡನೆಯದನ್ನು ಜನ ಮರೆಯುತ್ತಾರೆ, ಆ ದಾರಿಯಲ್ಲಿ ಬಂದ ಹೊಡೆತಕ್ಕೇ ಬೋರ್ಡ್ ಹೋಗುತ್ತದೆ.

ಅಂದ ಹಾಗೆ, ಡೀಲರ್ ಅದೇ 6500ಟಿಯನ್ನು ಐದು ಸಾವಿರಕ್ಕೆ ಇಳಿಸಿದರೆ? ಅಂಗಡಿಗೆ ಆಗಲೂ ಬೇಡ. ಮನೆಗೆ, ಮಕ್ಕಳಿಗೆ, ಲಿನಕ್ಸ್ ಹಾಕಿಕೊಂಡು, ಧಾರಾಳವಾಗಿ.

ಪ್ರಶ್ನೆ: ನಾವು ಶಿರಸಿ ಹತ್ತಿರದವರು, ಅಡಿಕೆ ತೋಟ ಇದೆ. ಬೆಂಗಳೂರಿನಲ್ಲಿರುವ ತಂಗಿಯ ಮಗ ತನ್ನ ಹಳೇ ಪುಟ್ಟ ಕಂಪ್ಯೂಟರ್ ಸುಮ್ನೆ ಕೊಡುತ್ತೇನೆ ಎನ್ನುತ್ತಾನೆ. ಸೆಲೆರಾನ್ ಎನ್3050, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಎಂಟನೇ ತರಗತಿಯ ಮಗಳಿಗೆ ಆಗುತ್ತದಾ, ಅಥವಾ ಅಟ್ಟ ಸೇರುವ ಸಾಮಾನಾ?

ಉತ್ತರ: ಹಾರ್ಡ್ ಡಿಸ್ಕ್ ಹಾಗೇ ಇಟ್ಟರೆ ಅಟ್ಟಕ್ಕೇ. ಅದನ್ನು ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸಿ. ಇದರ ಮೇಲೆ ನೀವು ಮಾಡಬೇಕಾದ ಖರ್ಚು ಅದೊಂದೇ. ಪ್ರೊಸೆಸರ್ ಬೋರ್ಡಿಗೇ ಬೆಸೆದಿರುತ್ತದೆ, ಬದಲಾಯಿಸಲು ಬರುವುದಿಲ್ಲ. ಎರಡೇ ಕೋರ್, 2015ರದ್ದು. ವಿಂಡೋಸ್ ಆಸೆ ಬಿಡಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ನೆಮ್ಮದಿಯಾಗಿ ಓಡುತ್ತದೆ, ದುಡ್ಡೂ ಕೊಡಬೇಕಿಲ್ಲ. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ. ಪಾಠದ ವಿಡಿಯೋ 720ರಲ್ಲಿ ನೋಡಲಿ, ಒಂದು ಸಲಕ್ಕೆ ಮೂರು ಟ್ಯಾಬ್ ಸಾಕು ಅಂತ ಹೇಳಿಕೊಡಿ. ಹೊಸ ಮಾನಿಟರ್ ಕೊಂಡು ಇದಕ್ಕೆ ಜೋಡಿಸುವುದು ಮಾತ್ರ ಬೇಡ, ಹಳೇ ಟಿವಿ ಇದ್ದರೆ ಅದಕ್ಕೇ ಹಚ್ಚಿ.

ನಿಮ್ಮಲ್ಲಿ ಉಪ್ಪಿನ ಕಾಟವಿಲ್ಲ, ತೇವದ್ದಿದೆ. ಮಳೆಗಾಲದಲ್ಲಿ ದಿನಕ್ಕೊಂದು ತಾಸಾದರೂ ಆನ್ ಮಾಡಿಡಿ, ಒಳಗಿನ ಶಾಖಕ್ಕೆ ತೇವ ಆರುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೇ ಬೂಸು ಹಿಡಿಯುತ್ತದೆ. ಎರಡು ತಿಂಗಳು ಮುಟ್ಟದೆ ಇಟ್ಟು, ಆಮೇಲೆ ಬೀಪ್ ಅಂತ ಕೂಗಿ ಸುಮ್ಮನಾದರೆ ರಿಪೇರಿಗೆ ಓಡಬೇಡಿ. ಪ್ಲಗ್ ತೆಗೆದು, ರ‍್ಯಾಮ್ ಹೊರಗೆಳೆದು, ಅದರ ಬಂಗಾರ ಬಣ್ಣದ ಅಂಚನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಎಷ್ಟೋ ‘ಸತ್ತ’ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಪ್ರಶ್ನೆ: ಕಾರವಾರದ ಕೋಡಿಬಾಗದಿಂದ. ಹಳೇ ಮಿನಿ ಪಿಸಿ ಕೊಂಡು ತಿಂಗಳಾಯಿತು. ದಿನಾ ಬೆಳಿಗ್ಗೆ ಆನ್ ಮಾಡಿದರೆ 2018ನೇ ಇಸವಿ ತೋರಿಸುತ್ತದೆ, ಬ್ಯಾಂಕಿನ ಸೈಟ್ ‘ಸುರಕ್ಷಿತವಲ್ಲ’ ಅನ್ನುತ್ತದೆ. ವೈರಸ್ಸಾ?

ಉತ್ತರ: ಅಲ್ಲ, ಶೆಲ್ಲು. ಬೋರ್ಡಿನ ಮೇಲೆ ಸಿಆರ್2032 ಅನ್ನುವ ಬಿಲ್ಲೆ ಶೆಲ್ ಇದೆ, ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ತೀರಿದೆ. ಇಸವಿ ತಪ್ಪಿದ್ದರಿಂದ ಬ್ಯಾಂಕಿನ ಸೈಟಿನ ಪ್ರಮಾಣಪತ್ರ ಹೊಂದುತ್ತಿಲ್ಲ. ವಾಚ್ ರಿಪೇರಿ ಅಂಗಡಿಯಲ್ಲೂ ಈ ಶೆಲ್ ಸಿಗುತ್ತದೆ. ಕೊಳ್ಳುವ ಮೊದಲು ಮುಚ್ಚಳ ತೆಗೆದು ನೋಡಿಕೊಳ್ಳಿ, ಕೆಲವು ಮಿನಿಗಳಲ್ಲಿ ಅದಕ್ಕೆ ಎರಡು ವೈರು ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ. ಅಂಥದ್ದಾದರೆ ವೈರು ಸಮೇತವೇ ತರಬೇಕು. ಶೆಲ್ ಕೂರುವ ತಗಡಿನಲ್ಲಿ ಕಿಲುಬಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಹಾಕಿದ ಮೇಲೆ ಒಮ್ಮೆ ಬಯೋಸ್‌ನಲ್ಲಿ ದಿನಾಂಕ ಸರಿಮಾಡಿ. ಬೆರಳು ಒದ್ದೆ ಇರುವಾಗ ಮುಟ್ಟಬೇಡಿ, ಬಂಗುಡೆ ಹೆಚ್ಚಿದ ಕೈಯಲ್ಲಂತೂ ಬೇಡವೇ ಬೇಡ.