ಮಂಡ್ಯಕ್ಕೆ ಬಂದ ಮೇಲೆ ಸೀನು, ಉಬ್ಬಸ ಶುರುವಾಗಿದೆ. ಇನ್‌ಹೇಲರ್ ಹಿಡಿದರೆ ಬಿಡೋಕೆ ಆಗಲ್ವಾ?

ನೀವು ಎರಡು ವಿಷಯ ಕೇಳಿದ್ದೀರಿ. ಕೆಲಸದ ಮೇಲೆ ಮಂಡ್ಯಕ್ಕೆ ಬಂದು ಎರಡು ವರ್ಷವಾಯಿತು, ಈಗ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ರಾತ್ರಿ ಎದೆ ಬಿಗಿತ, ಇದಕ್ಕೆ ಶಾಶ್ವತ ಪರಿಹಾರ ಇದೆಯಾ ಅಂತ ಒಂದು. ಡಾಕ್ಟರ್ ಇನ್‌ಹೇಲರ್ ಬರೆದಿದ್ದಾರೆ, ಒಮ್ಮೆ ಹಿಡಿದರೆ ಅಭ್ಯಾಸ ಆಗಿಬಿಡುತ್ತಂತೆ ಹೌದಾ ಅಂತ ಇನ್ನೊಂದು. ನಾನು ಡಾಕ್ಟರ್ ಅಲ್ಲ. ಮಂಡ್ಯದ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಹನ್ನೊಂದು ವರ್ಷದಿಂದ ಈ ಕಾಯಿಲೆ ಜೊತೆ ಸಂಸಾರ ಮಾಡುತ್ತಿದ್ದೇನೆ. ಅದರಲ್ಲಿ ಮೊದಲ ನಾಲ್ಕು ವರ್ಷ ದಂಡವಾಗಿ ಹೋಯಿತು, ಅದಕ್ಕೆ ಕಾರಣವೇ ನಿಮ್ಮ ಎರಡನೇ ಪ್ರಶ್ನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಭ್ಯಾಸ ಆಗಲ್ಲ. ಬಿಟ್ಟರೆ ಉಬ್ಬಸ ವಾಪಸ್ ಬರುತ್ತದೆ, ನಿಜ. ಮಳೆಯಲ್ಲಿ ಛತ್ರಿ ಮಡಚಿದರೆ ನೆನೆಯುತ್ತೀರಿ, ಅದಕ್ಕೆ ಛತ್ರಿ ಚಟ ಹಿಡಿಯಿತು ಅನ್ನುತ್ತೀವಾ?

ನನಗೂ ನಿಮ್ಮದೇ ಹೆದರಿಕೆ ಇತ್ತು. "ಅದರಲ್ಲಿ ಸ್ಟೀರಾಯ್ಡ್ ಇರುತ್ತೆ ಕಣಪ್ಪಾ, ಮುಟ್ಟಬೇಡ" ಅಂತ ನಮ್ಮ ದೊಡ್ಡಪ್ಪ ಹೇಳಿದರು. ಇನ್‌ಹೇಲರ್ ಚೀಟಿ ಜೇಬಲ್ಲೇ ಉಳಿಯಿತು. ಬದಲಿಗೆ ಯಾರೋ ಹೇಳಿದರು ಅಂತ ಒಂದು ಊರಿಗೆ ಹೋಗಿ ಪೊಟ್ಟಣ ಕಟ್ಟಿದ ಬಿಳಿ ಪುಡಿ ತಂದೆ. ಹೆಸರಿಲ್ಲ, ಚೀಟಿಯಿಲ್ಲ. ಮೂರೇ ದಿನಕ್ಕೆ ಎದೆ ಹಗುರ! ಹಸಿವೋ ಹಸಿವು. ಎಂಟು ತಿಂಗಳಾಗುವಷ್ಟರಲ್ಲಿ ಮುಖ ಕಡುಬಿನ ಹಾಗೆ ಊದಿಕೊಂಡಿತು, ಶುಗರ್ ಏರಿತು. ಆಮೇಲೆ ಸಿಕ್ಕ ಎದೆ ಡಾಕ್ಟರ್ ಮುಖ ನೋಡಿದವರೇ, "ಪುಡಿ ತಗೊಂಡಿದ್ರಾ?" ಅಂದರು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಅನ್ನೋದು ಅವರ ಅನುಮಾನ. ಅಂದರೆ ಯಾವುದಕ್ಕೆ ಹೆದರಿ ಓಡಿದ್ದೆನೋ ಅದನ್ನೇ ಹೊಟ್ಟೆಗೆ ಹಾಕಿಕೊಂಡು ಕೂತಿದ್ದೆ. ಇಂಥ ಪುಡಿ ನೀವೂ ತಿಂಗಳುಗಟ್ಟಲೆ ತಿಂದಿದ್ದರೆ ದಿಢೀರ್ ಅಂತ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿಯೇ ಬಿಡಿ.

ಲೆಕ್ಕದವನಾದ್ದರಿಂದ ನನಗೆ ಸಮಾಧಾನ ಕೊಟ್ಟಿದ್ದು ಒಂದು ಲೆಕ್ಕ. ಉಸಿರು ಬಿಡಿಸುವ ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಔಷಧಿ ಇರುತ್ತದೆ. ಅದೇ ಔಷಧಿ ಇನ್‌ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಗೆ ನಲವತ್ತು ಪಫ್! ಮಾತ್ರೆ ಮೈಯೆಲ್ಲಾ ಸುತ್ತಿ ಕೈ ನಡುಗಿಸಿ ಎದೆಗೆ ಬರುತ್ತದೆ, ಪಫ್ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್‌ನ ಅಳತೆಯೂ ಮೈಕ್ರೋಗ್ರಾಂನಲ್ಲೇ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟುವುದುಂಟು.

ಇನ್ನೊಂದು ಗೊಂದಲ. ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ಬೇರೆ, ಒಳಗಿನ ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಬೇರೆ. ಊತ ಇಳಿಸುವುದನ್ನು ಆರಾಮಿದ್ದ ದಿನವೂ ಹೇಳಿದಷ್ಟು ಎಳೆಯಬೇಕು. ನಾವು ಮಾಡುವುದು ಉಲ್ಟಾ, ಅಲ್ವಾ? ಸುಂಯ್ ಅಂದಾಗ ಮಾತ್ರ ಜೇಬು ತಡಕುತ್ತೇವೆ. ತಕ್ಷಣದ್ದೊಂದನ್ನೇ ನೆಚ್ಚಿಕೊಂಡಿರಬೇಡಿ ಅಂತ ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ನಿಮಗೆ ಬರೆದಿರುವುದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಎಳೆಯುವುದನ್ನೂ ಕಲಿಯಬೇಕು. ನಾನು ಒಂದು ವರ್ಷ ತಪ್ಪಾಗಿ ಎಳೆದೆ. "ಎಲ್ಲಿ, ನನ್ನ ಮುಂದೆ ಒಂದು ಸಲ ಹಾಕಿ" ಅಂದರು ಡಾಕ್ಟರ್. ಒತ್ತಿದೆ. ಬಾಯಿಯ ಎರಡೂ ಮೂಲೆಯಿಂದ ಬಿಳಿ ಹೊಗೆ ಆಚೆ ಬಂತು. "ದುಡ್ಡು ಗಾಳಿಗೆ ಹೋಯ್ತು ನೋಡಿ" ಅಂತ ನಕ್ಕು, ಒಂದು ಸ್ಪೇಸರ್, ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಕೊಟ್ಟರು. ಒತ್ತುವ ಡಬ್ಬಿಯಾದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಾ ನಿಧಾನಕ್ಕೆ ಎಳೆದು, ಹತ್ತು ಎಣಿಸುವ ತನಕ ತಡೆಯಬೇಕು. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯದಾದರೆ ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ನಮ್ಮಮ್ಮ ಆ ಕ್ಯಾಪ್ಸೂಲನ್ನು ಒಂದು ವಾರ ನೀರು ಕುಡಿದು ನುಂಗಿದ್ದರು, ಅದು ಬೇರೆ ಕಥೆ.

ಸೀನಿನ ವಿಷಯ. ಮೂಗು, ಎದೆ ಎರಡೂ ಒಂದೇ ಕೊಳವೆ. ಮೂಗು ಸರಿಯಿಲ್ಲದಿದ್ದರೆ ಎದೆಯೂ ಮೊಂಡು ಹಿಡಿಯುತ್ತದೆ. ಕಟ್ಟಿದ ಮೂಗಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಗೊಳ್ಳುವ ಡ್ರಾಪ್ಸ್ ಇದೆಯಲ್ಲ, ನಿಮಿಷದಲ್ಲಿ ಬಿಡಿಸುತ್ತದೆ, ಅದನ್ನು ಮೂರ್ನಾಲ್ಕು ದಿನದ ಮೇಲೆ ಹಾಕಬೇಡಿ. ಆಮೇಲೆ ಅದೇ ಮೂಗು ಕಟ್ಟಿಸುತ್ತದೆ. ಅಭ್ಯಾಸ ಆಗುವುದು ಇದು, ಇನ್‌ಹೇಲರ್ ಅಲ್ಲ. ಡಾಕ್ಟರ್ ಬರೆಯುವ ಸ್ಟೀರಾಯ್ಡ್ ಸ್ಪ್ರೇ ಬೇರೆ. ಅದು ಪೂರ್ತಿ ಹಿಡಿಯೋಕೆ ಒಂದೆರಡು ವಾರ ಬೇಕು. ನಾಲ್ಕು ದಿನಕ್ಕೆ ಕೆಲಸ ಮಾಡಲಿಲ್ಲ ಅಂತ ಬಿಸಾಕಬೇಡಿ.

ಈಗ, ಯಾವುದು ಒಗ್ಗುತ್ತಿಲ್ಲ ಅಂತ ಹುಡುಕುವುದು. ನಾನು ಮೊದಲು ಬೈದಿದ್ದು ಮಿಲ್ಲನ್ನು. ತೌಡಿನ ಧೂಳು ಅಲ್ವಾ? ಬಾಳೆಹಣ್ಣು, ಮೊಸರು ಬಿಟ್ಟೆ, ಏನೂ ಆಗಲಿಲ್ಲ. ಕೊನೆಗೆ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಟ್ಟ ದಿನಕ್ಕೆ ಕೆಂಪು ಚುಕ್ಕೆ ಇಟ್ಟುಕೊಂಡು ಹೋದೆ. ಎರಡು ತಿಂಗಳಾದ ಮೇಲೆ ನೋಡಿದರೆ ಭಾನುವಾರಗಳೇ ಜಾಸ್ತಿ ಕೆಂಪು! ಮಿಲ್ಲಿಗೆ ರಜೆ ಇರುವ ದಿನ. ಮೈಸೂರಿನ ಅಕ್ಕನ ಮನೆಯಲ್ಲಿ ಮಲಗಿದ ಮೂರು ರಾತ್ರಿ ಮಾತ್ರ ಒಂದು ಚುಕ್ಕೆಯೂ ಇಲ್ಲ. ಕಳ್ಳ ಇದ್ದದ್ದು ನನ್ನ ಮಲಗುವ ಕೋಣೆಯಲ್ಲಿ.

ಮದುವೆಗೆ ಮಾವನ ಮನೆಯವರು ಕೊಟ್ಟ ಹತ್ತಿ ಹಾಸಿಗೆ ಒಂದು. ಹಾಸಿಗೆ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತದೆ, ನಮ್ಮ ಚರ್ಮದಿಂದ ಉದುರುವ ಹೊಟ್ಟು ಅದಕ್ಕೆ ಊಟ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಚೆನ್ನಾಗಿ ಬೆಳೆಯುತ್ತದೆ. ನಾಲೆ, ಗದ್ದೆ ಪಕ್ಕದ ಮನೆಯಲ್ಲಿ ತೇವಕ್ಕೇನು ಬರ? ಇನ್ನೊಂದು, ಕಿಟಕಿ ಮುಚ್ಚಿ ಹಚ್ಚುತ್ತಿದ್ದ ಸೊಳ್ಳೆ ಕಾಯಿಲ್. ಭಾನುವಾರ ಮಧ್ಯಾಹ್ನದ ನಿದ್ದೆಗೂ ಒಂದು ಹಚ್ಚುತ್ತಿದ್ದೆ. ಒಂದು ಕಾಯಿಲ್ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನದಕ್ಕೆ ಸಮ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಬೀಡಿ ಮುಟ್ಟದ ನಾನು ರಾತ್ರಿಯಿಡೀ ಸೇದುತ್ತಿದ್ದೆ ಅನ್ನಿ.

ಕಾಯಿಲ್ ಬಿಟ್ಟು ಸೊಳ್ಳೆ ಪರದೆ ಕಟ್ಟಿದೆ. ಹಾಸಿಗೆ, ದಿಂಬಿಗೆ ಜಿಪ್ ಇರುವ ಕವರ್ ಹಾಕಿಸಿದೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ, ಅಂದರೆ 60 ಡಿಗ್ರಿಯಷ್ಟು, ನೆನೆಸಿ ಒಗೆದು ಬಿಸಿಲಿಗೆ ಹಾಕುತ್ತೇವೆ. ದಿಂಬು ಕೊಡವುವಾಗ ನಾನು ಬೀದಿಗೆ ಹೋಗಿ ನಿಲ್ಲುತ್ತೇನೆ. ಹೆಂಡತಿಗೆ ಇದು ಕೆಲಸ ತಪ್ಪಿಸಿಕೊಳ್ಳುವ ನೆಪದಂತೆ ಕಾಣುತ್ತದೆ.

ನಿಮ್ಮದು ಇದೇ ಅಂತ ಹೇಳಲ್ಲ. ಇಲ್ಲಿ ಹೊರಗೂ ಬೇಕಾದಷ್ಟಿದೆ. ಖಾಲಿ ಸೈಟಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅದೇ ಪಾರ್ಥೇನಿಯಂ, ಅದರ ಹೂವಿನ ಪುಡಿ ಮೂಗಿಗೂ ಚರ್ಮಕ್ಕೂ ಆಗದು. ಕಟಾವಾದ ಮೇಲೆ ಕಬ್ಬಿನ ತರಗಿಗೆ ಬೆಂಕಿ ಇಡುತ್ತಾರೆ. ಕೆಲವು ಆಲೆಮನೆಗಳಲ್ಲಿ ಒಲೆಗೆ ಹಳೇ ಟೈರನ್ನೂ ತುರುಕುತ್ತಾರೆ. ಚಳಿಗಾಲದ ಸಂಜೆ ಆ ಹೊಗೆ ಮೇಲೇಳದೆ ನೆಲಕ್ಕೇ ಕೂತುಬಿಡುತ್ತದೆ. ಧನುರ್ಮಾಸದ ಮುಂಜಾನೆ ಮಂಜಿನಲ್ಲಿ ಬೈಕ್ ಓಡಿಸುವುದಿದ್ದರೆ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ತಣ್ಣನೆ ಗಾಳಿಯೊಂದೇ ಸಾಕು ಎದೆ ಹಿಡಿಯೋಕೆ. ಹೊಸ ಊರಿಗೆ ಬಂದು ಒಂದೆರಡು ವರ್ಷ ಕಳೆದ ಮೇಲೆ ಅಲರ್ಜಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ.

ಮನೆಮದ್ದು ಬೇಡ ಅನ್ನಲ್ಲ. ದೊಡ್ಡಪತ್ರೆ, ತುಳಸಿ ಕಷಾಯ ಗಂಟಲಿಗೆ ಹಿತ. ಆಡುಸೋಗೆಯಂತೂ ದೊಡ್ಡ ಗಿಡವೇ. ಕೆಮ್ಮಿನ ಸಿರಪ್‌ನಲ್ಲಿ ಹಾಕುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಆ ಎಲೆಯಲ್ಲಿರುವ ಸಾರದ ಜಾಡು ಹಿಡಿದು. ಆದರೆ ಅದು ಕಫ ಸಡಿಲ ಮಾಡುತ್ತದೆ ಅಷ್ಟೇ. ಅದನ್ನು ನಂಬಿ ಇನ್‌ಹೇಲರ್ ಬಿಡಬೇಡಿ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ದಮ್ಮು ಸಾಲದಿದ್ದರೆ, ತುಟಿ ನೀಲಿಯಾದರೆ, ಪಫ್ ಎಳೆದರೂ ಬಿಡದಿದ್ದರೆ, ಕಷಾಯ ಕುದಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಶಾಶ್ವತ ಪರಿಹಾರ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಹತೋಟಿಗೆ ಖಂಡಿತ ಬರುತ್ತದೆ. ನಾನೀಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ನಂದಿ ಹತ್ತಿರ ಒಂದು ಸಲ ಕೂತು. ಮೊದಲು ಎದೆ ಡಾಕ್ಟರ್ ಹತ್ತಿರ ಊದುವ ಪರೀಕ್ಷೆ, ಸ್ಪೈರೋಮೆಟ್ರಿ, ಮಾಡಿಸಿ. ಉಬ್ಬಸ ಹೌದೋ ಬೇರೇನೋ ಅನ್ನೋದು ಗೊತ್ತಾಗಲಿ. ಬೇಕಿದ್ದರೆ ಅವರೇ ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಹೇಳುತ್ತಾರೆ. ಹದಿನೈದಿಪ್ಪತ್ತು ನಿಮಿಷದ ಕೆಲಸ. ಆದರೆ ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆಯನ್ನು ಅದಕ್ಕೆ ಕೆಲವು ದಿನ ಮುಂಚೆಯೇ ನಿಲ್ಲಿಸಿರಬೇಕು, ಎಷ್ಟು ದಿನ ಅಂತ ಮೊದಲೇ ಫೋನ್ ಮಾಡಿ ಕೇಳಿ. ನಾನು ಹಿಂದಿನ ರಾತ್ರಿ ಒಂದು ನುಂಗಿ ಮೈಸೂರಿನ ತನಕ ಹೋಗಿ, ಹಾಗೇ ವಾಪಸ್ ಬಂದಿದ್ದೆ.