ನಾಡ ಪಿಸ್ತೂಲು, ಅಳತೆಗೆ ಹೊಂದದ ತೋಟಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ವಕೀಲಿ ವೃತ್ತಿಗೆ ಹೊಸಬ. ಕೊಲೆ ಪ್ರಕರಣವೊಂದರ ದೋಷಾರೋಪ ಪಟ್ಟಿಯಲ್ಲಿ ಆಯುಧವನ್ನು ‘ನಾಡ ಪಿಸ್ತೂಲು’ ಎಂದಷ್ಟೇ ಬರೆದಿದ್ದಾರೆ. ಶವಪರೀಕ್ಷೆಯಲ್ಲಿ ಸಿಕ್ಕ ಗುಂಡು ಅದರ ನಳಿಗೆಗಿಂತ ಸಣ್ಣ ಅಳತೆಯದು. ಗುಂಡಿನ ಮೈಮೇಲೆ ಸುರುಳಿ ಗೀರುಗಳೂ ಇಲ್ಲ. ಆದರೂ ಅದು ಅದೇ ಆಯುಧದಿಂದ ಹಾರಿದ್ದೆಂದು ಹೇಳಲು ಸಾಧ್ಯವೇ?
— ಓದುಗರು, ಧಾರವಾಡ

ಉತ್ತರ: ‘ನಾಡ ಪಿಸ್ತೂಲು’ ಎಂಬುದು ಮಹಜರಿನ ಮತ್ತು ಪತ್ರಿಕೆಗಳ ಮಾತು; ಅದು ವರ್ಗೀಕರಣವಲ್ಲ. ಕಾನೂನಿಗೆ ಆಯುಧವನ್ನು ಯಾರು ತಯಾರಿಸಿದರೆಂಬುದು ಮುಖ್ಯವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್, ಸ್ಫೋಟಕದ ಅಥವಾ ಬೇರೆ ಶಕ್ತಿಯ ಬಲದಿಂದ ಗುಂಡನ್ನು ಹಾರಿಸಲೆಂದು ರೂಪಿಸಿದ ಅಥವಾ ಮಾರ್ಪಡಿಸಿದ ಆಯುಧವನ್ನೆಲ್ಲ ಬಂದೂಕುಗಳ ಸಾಲಿಗೆ ಸೇರಿಸುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಇಷ್ಟು ಸಾಲದು. ಪೂರ್ತಿಯಾಗಿ ಕೈಯಲ್ಲೇ ಮಾಡಿದ ಆಯುಧವೇ, ಕಾರ್ಖಾನೆಯ ಪಿಸ್ತೂಲಿನ ನಕಲೇ, ಪರವಾನಗಿಯ ಬಂದೂಕಿನ ನಳಿಗೆ ಕತ್ತರಿಸಿ ಗಿಡ್ಡ ಮಾಡಿದ್ದೇ, ಆಟಿಕೆಯನ್ನೋ ಬರೀ ಸದ್ದು ಮಾಡುವ ಪಿಸ್ತೂಲನ್ನೋ ಮಾರ್ಪಡಿಸಿದ್ದೇ ಎಂಬುದು ಮೊದಲು ತೀರ್ಮಾನವಾಗಬೇಕು, ಏಕೆಂದರೆ ಒಂದೊಂದು ಬಗೆಯ ಆಯುಧ ಉಳಿಸುವ ಗುರುತು ಒಂದೊಂದು ರೀತಿಯದು. ಕತ್ತರಿಸಿದ ಬಂದೂಕಿನಲ್ಲಿ ತಯಾರಕರ ಸಂಖ್ಯೆ ಉಳಿದಿರಬಹುದು. ನಕಲಿನ ಮೇಲೆ ಕೆತ್ತಿದ ಕಂಪನಿಯ ಹೆಸರನ್ನಾಗಲಿ ಅಳತೆಯನ್ನಾಗಲಿ ನಂಬುವಂತಿಲ್ಲ. ನಳಿಗೆಯ ಬಾಯಿಯನ್ನೂ ತೋಟಾ ಕೂರುವ ಕೋಣೆಯನ್ನೂ ಬೇರೆ ಬೇರೆಯಾಗಿ ಅಳೆದು ದಾಖಲಿಸಬೇಕು.

ಇಲ್ಲಿ ಒಂದು ಪದದ ಗೊಂದಲವನ್ನೂ ಬಿಡಿಸಬೇಕು. ವರದಿಗಳಲ್ಲಿ ಕಾಣುವ ‘ಸಜೀವ ಗುಂಡು’ ನಿಜವಾಗಿ ತೋಟಾ, ಅಂದರೆ ಮದ್ದು, ಕ್ಯಾಪು, ಗುಂಡು ಮೂರನ್ನೂ ಹಿತ್ತಾಳೆಯ ಕೋಶದಲ್ಲಿ ಕೂಡಿಸಿದ ವಸ್ತು. ಹಾರಿ ಹೋಗುವುದು ಗುಂಡು ಮಾತ್ರ, ಕೋಶ ಹಿಂದೆ ಉಳಿಯುತ್ತದೆ. ನಿಮ್ಮ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಆ ಖಾಲಿ ಕೋಶದ ತಳದಲ್ಲಿದೆ.

ಸರಿಯಾದ ಅಳತೆಯ ಗುಂಡು ನಳಿಗೆಯ ಸುರುಳಿ ತೋಡುಗಳನ್ನು ಕಚ್ಚಿಕೊಂಡು, ತಿರುಗುತ್ತ ಹೊರಬರುತ್ತದೆ. ಆ ತೋಡುಗಳ ಸಂಖ್ಯೆ, ಅಗಲ, ತಿರುವಿನ ದಿಕ್ಕು ಅದರ ಮೈಮೇಲೆ ಅಚ್ಚಾಗುತ್ತವೆ. ಕೈತಯಾರಿಕೆಯ ನಳಿಗೆಗಳಲ್ಲಿ ಹಲವಕ್ಕೆ ತೋಡುಗಳೇ ಇರುವುದಿಲ್ಲ. ಇದ್ದರೂ ಗುಂಡು ಸಣ್ಣದಾದರೆ ಅವನ್ನು ಕಚ್ಚಿಕೊಳ್ಳದೆ ಒಂದು ಬದಿಗೆ ಉಜ್ಜಿಕೊಂಡು ಜಾರುತ್ತದೆ, ಸುತ್ತಲಿನ ಸಂದಿಯಿಂದ ಅನಿಲ ಸೋರಿ ವೇಗ ತಗ್ಗುತ್ತದೆ. ಆದ್ದರಿಂದ ಸುರುಳಿ ಗೀರುಗಳಿಲ್ಲವೆಂಬುದು ಆ ಆಯುಧವನ್ನು ಪ್ರಕರಣದಿಂದ ಕೈಬಿಡಲು ಕಾರಣವಾಗದು. ಆ ಗುಂಡು ಅದರಿಂದಲೇ ಹಾರಿತೆನ್ನಲು ಆಧಾರವೂ ಆಗದು. ಅಂಥ ಗುಂಡೊಂದನ್ನೇ ಮುಂದಿಟ್ಟುಕೊಂಡ ತಜ್ಞರು ‘ಹಾರಿರಬಹುದು’ ಎಂಬಲ್ಲಿಗೆ ನಿಲ್ಲಬೇಕು. ಅದಕ್ಕಿಂತ ಮುಂದೆ ಹೋದರೆ ಯಾವ ಗುರುತಿನ ಆಧಾರದ ಮೇಲೆ ಎಂದು ಪಾಟೀಸವಾಲಿನಲ್ಲಿ ಕೇಳುವುದು ನಿಮ್ಮ ಕರ್ತವ್ಯ.

ಖಾಲಿ ಕೋಶ ಸಿಕ್ಕಿದ್ದರೆ ಪರಿಸ್ಥಿತಿ ಬೇರೆ. ಸ್ಫೋಟದ ಒತ್ತಡ ಕೋಶದ ತಳವನ್ನು ಹಿಂಬದಿಯ ಲೋಹಕ್ಕೆ ಬಲವಾಗಿ ಒತ್ತುತ್ತದೆ. ಕಾರ್ಖಾನೆಯಲ್ಲಿ ಆ ಮುಖವನ್ನು ಯಂತ್ರ ನುಣುಪಾಗಿಸಿರುತ್ತದೆ. ಕೈತಯಾರಿಕೆಯಲ್ಲಿ ಅಲ್ಲಿ ಅರದ ಗೆರೆಗಳು ಒರಟಾಗಿ, ಅಡ್ಡಾದಿಡ್ಡಿಯಾಗಿ ಉಳಿದಿರುತ್ತವೆ, ಹೊಡೆಯುವ ಮೊಳೆ ನಡುವನ್ನು ಬಿಟ್ಟು ಓರೆಯಾಗಿ ಬಿದ್ದಿರುತ್ತದೆ. ಎರಡು ನಾಡ ಪಿಸ್ತೂಲುಗಳಲ್ಲಿ ಆ ಗೆರೆಗಳು ಒಂದೇ ತೆರನಾಗಿ ಬೀಳುವ ಸಂಭವ ತೀರಾ ಕಡಿಮೆ. ತಯಾರಿಕೆ ಒರಟಾದಷ್ಟೂ ಆಯುಧದ ವೈಯಕ್ತಿಕ ಗುರುತು ಸ್ಪಷ್ಟವಾಗುತ್ತದೆ ಎಂಬ ಈ ಸಂಗತಿಯನ್ನು ನ್ಯಾಯಾಲಯದಲ್ಲಿ ಎರಡೂ ಕಡೆಯ ವಕೀಲರು ಮರೆಯುವುದುಂಟು. ಹೊಂದದ ತೋಟಾ ಉಬ್ಬಿದರೆ ಅಥವಾ ಸೀಳಿದರೆ ಆ ಉಬ್ಬಿನ ಆಕಾರವನ್ನೂ ಕೋಣೆಯ ಅಚ್ಚಿನೊಂದಿಗೆ ಹೋಲಿಸಬಹುದು.

ಸುಪ್ರೀಂ ಕೋರ್ಟಿನ ಕಲುವಾ ಪ್ರಕರಣವನ್ನು (‘ಆಲ್ ಇಂಡಿಯಾ ರಿಪೋರ್ಟರ್’ ಅಥವಾ ಎಐಆರ್ ಎಂಬ ತೀರ್ಪುಗಳ ಸಂಕಲನದ 1958ರ ಸಂಪುಟ, ಪುಟ 180) ನೀವು ಓದಲೇಬೇಕು. ಹತನಾದವನ ಮಂಚದ ಬಳಿ ಸಿಕ್ಕ ಖಾಲಿ ತೋಟಾವನ್ನು, ಆರೋಪಿ ತೆಗೆದುಕೊಟ್ಟ ನಾಡ ಪಿಸ್ತೂಲಿನಿಂದ ಹಾರಿಸಿದ ಪರೀಕ್ಷಾ ತೋಟಾಗಳೊಂದಿಗೆ ತಜ್ಞರು ಹೋಲಿಸಿದ್ದರು. ಆ ಸಾಕ್ಷ್ಯವನ್ನು ಒಪ್ಪಿ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಿದ್ದರೆ, 2015ರ ಆಗಸ್ಟ್ 30ರಂದು ನಿಮ್ಮ ಧಾರವಾಡದಲ್ಲೇ ಹತರಾದ ಎಂ.ಎಂ. ಕಲಬುರ್ಗಿ ಹಾಗೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಹತರಾದ ಗೌರಿ ಲಂಕೇಶ್ ಅವರ ಮೇಲೆ ಹಾರಿದ ಗುಂಡುಗಳು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನವೆಂದು ವಿಧಿವಿಜ್ಞಾನದ ವರದಿ ಹೇಳಿತು. ಆಯುಧ ಕಣ್ಣೆದುರಿಗೆ ಇಲ್ಲದಿದ್ದರೂ ಎರಡು ಸ್ಥಳಗಳ ಅವಶೇಷಗಳನ್ನು ಪರಸ್ಪರ ಹೋಲಿಸಿಯೇ ಅಷ್ಟು ಹೇಳಲು ಸಾಧ್ಯವಾಯಿತು.

ಪ್ರಶ್ನೆ: ಗಾಯದ ಸುತ್ತ ಮಸಿ ಮತ್ತು ಮದ್ದಿನ ಚುಕ್ಕೆಗಳಿದ್ದರೆ ಇಷ್ಟೇ ಅಂತರದಿಂದ ಹೊಡೆದದ್ದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ನಾಡ ಪಿಸ್ತೂಲಿಗೂ ಆ ಲೆಕ್ಕ ಒಪ್ಪುತ್ತದೆಯೇ?
— ವೈದ್ಯಕೀಯ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಒಪ್ಪುವುದಿಲ್ಲ. ಆ ಲೆಕ್ಕಗಳು ಕಾರ್ಖಾನೆಯ ಆಯುಧಕ್ಕೆ ಅದರದೇ ತೋಟಾ ಬಳಸಿ ಮಾಡಿದಂಥವು. ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಬೀಳುತ್ತದೆ; ಅಳತೆ ಹೊಂದದಿದ್ದರೆ ಅನಿಲ ಗುಂಡಿಗಿಂತ ಮುಂದೆ ನುಗ್ಗುತ್ತದೆ. ಹೀಗಾಗಿ ಉರಿಯದ ಕಣಗಳು ಹೆಚ್ಚಾಗಿ ಹಾರಿ, ಹೆಚ್ಚು ಅಗಲಕ್ಕೆ ಹರಡಬಹುದು. ಅಂತರ ಹೇಳಬೇಕಾದರೆ ಅದೇ ಆಯುಧದಿಂದ, ಸಾಧ್ಯವಾದರೆ ಅದೇ ತಯಾರಿಕೆಯ ತೋಟಾಗಳಿಂದ, ಬಟ್ಟೆಯ ಮೇಲೆ ಬೇರೆ ಬೇರೆ ದೂರದಿಂದ ಹಾರಿಸಿ ನೋಡಬೇಕು. ಅಂಥ ಆಯುಧ ತಜ್ಞರ ಕೈಯಲ್ಲೇ ಸಿಡಿಯುವ ಅಪಾಯವಿರುವುದರಿಂದ ಅದನ್ನು ಚೌಕಟ್ಟಿಗೆ ಬಿಗಿದು ದೂರದಿಂದ ಹಾರಿಸುತ್ತಾರೆ. ಶವಪರೀಕ್ಷೆ ಮಾಡುವವರು ಇನ್ನೊಂದನ್ನೂ ಗಮನಿಸಬೇಕು: ತಿರುಗದ ಗುಂಡು ಗಾಳಿಯಲ್ಲಿ ಹೊರಳಿ ಅಡ್ಡಲಾಗಿ ತಾಗಿದಾಗ ಒಳಹೊಕ್ಕ ಗಾಯ ದುಂಡಗಿರದೆ ಬೀಗದ ಕೈಯ ರಂಧ್ರದಂತೆ ಉದ್ದವಾಗಿರುತ್ತದೆ. ಅದನ್ನು ಎಲ್ಲೋ ತಾಗಿ ಪುಟಿದು ಬಂದ ಗುಂಡಿನ ಗಾಯವೆಂದು ಭಾವಿಸಿ ವರದಿ ಬರೆದುಬಿಟ್ಟರೆ ತನಿಖೆ ದಾರಿ ತಪ್ಪುತ್ತದೆ. ಗಾಯದ ಉದ್ದಗಲಗಳನ್ನೂ ಛಾಯಾಚಿತ್ರವನ್ನೂ ಕೊಟ್ಟು, ಕಾರಣದ ತೀರ್ಮಾನವನ್ನು ಆಯುಧದ ಪರೀಕ್ಷೆಯಾಗುವವರೆಗೆ ಕಾದಿರಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಕಡೆಯ ಕೇಪಿನ ಕೋವಿಗಳಿಗೆ ತೋಟಾವೇ ಇಲ್ಲ. ಕಾಡುಹಂದಿಗೆಂದು ಹಾರಿಸಿದ ಈಡು ಮನುಷ್ಯನಿಗೆ ತಗುಲಿದರೆ ಪತ್ತೆ ಹೇಗೆ?
— ಓದುಗರು, ಸಕಲೇಶಪುರ

ಉತ್ತರ: ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಹೋಲಿಸಲು ಕೋಶವಿಲ್ಲ, ನುಣುಪು ನಳಿಗೆಯಿಂದ ಹೊರಟ ಚರೆಗಳನ್ನು ಇಂಥದೇ ಕೋವಿಯವೆಂದು ಹೇಳಲೂ ಬಾರದು. ಮನೆಯಲ್ಲಿ ಎರಕ ಹೊಯ್ದ ಚರೆಗಳು ಗಾತ್ರದಲ್ಲಿ ಏರುಪೇರಾಗಿರುವುದರಿಂದ ಕಾರ್ಖಾನೆಯ ಚರೆಗಳಿಂದ ಅವನ್ನು ಬೇರ್ಪಡಿಸಬಹುದು, ಅಷ್ಟೆ. ಉಳಿಯುವುದು ಮದ್ದಿನ ಮೇಲೆ ಗಿಡಿದ ಬಟ್ಟೆ, ನಾರು ಅಥವಾ ಕಾಗದ. 1784ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಜಾನ್ ಟಾಮ್ಸ್ ಎಂಬಾತನ ಅಪರಾಧ ಸಾಬೀತಾದದ್ದು, ಹತನ ಗಾಯದಲ್ಲಿ ಸಿಕ್ಕ ಕಾಗದದ ಉಂಡೆಯ ಹರಿದ ಅಂಚು ಆರೋಪಿಯ ಜೇಬಿನಲ್ಲಿದ್ದ ಹಾಳೆಯ ಅಂಚಿಗೆ ಕೂಡಿಕೊಂಡದ್ದರಿಂದ. ಆದ್ದರಿಂದ ಸ್ಥಳ ಮಹಜರು ಮಾಡುವವರು ಗಾಯಾಳು ಬಿದ್ದ ಜಾಗವನ್ನಷ್ಟೇ ಅಲ್ಲ, ಕೋವಿ ಹಾರಿದ ದಿಕ್ಕಿನುದ್ದಕ್ಕೂ ತರಗೆಲೆಗಳ ನಡುವೆ ಸುಟ್ಟ ಬಟ್ಟೆಯ ಚೂರುಗಳನ್ನು ಹುಡುಕಿ, ಒದ್ದೆಯಾಗಿದ್ದರೆ ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಲಕೋಟೆಯಲ್ಲಿಟ್ಟು ಮೊಹರು ಮಾಡಬೇಕು. ಮಲೆನಾಡಿನ ಮಳೆಯಲ್ಲಿ ಒಂದು ರಾತ್ರಿ ತಡವಾದರೂ ಅವು ಕೈಗೆ ಸಿಗುವುದಿಲ್ಲ.